ಕಾಲು ನಿಂತರೂ ಕಸರತ್ತು ನಿಲ್ಲಬಾರದು

ಬೆನ್ನುಹುರಿಗೆ ಪೆಟ್ಟಾದವರಿಗೆಂದೇ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಒಂದು ವಿಭಾಗ ಶುರುವಾಯಿತು. ಅದರ ಹೊಣೆ ಹೊತ್ತ ವೈದ್ಯ ಲುಡ್ವಿಗ್ ಗುಟ್‌ಮನ್, ಹಾಸಿಗೆ ಹಿಡಿದಿದ್ದ ಸೈನಿಕರ ಕೈಗೆ ಬಿಲ್ಲುಬಾಣ ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಅಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಹೀಗೆ. ಆದರೆ ಗುಟ್‌ಮನ್‌ಗೆ ಆಟವೆಂದರೆ ಮೊದಲು ಚಿಕಿತ್ಸೆ. ಪದಕದ ಸಂಭ್ರಮದಲ್ಲಿ ನಾವು ಇದನ್ನು ಮರೆಯುತ್ತಿದ್ದೇವೆ.

ಗಾಲಿಕುರ್ಚಿ ಬಳಸುವವರಿಗೂ ಹೃದಯಕ್ಕೆ, ಸ್ನಾಯುಗಳಿಗೆ ಕೆಲಸ ಬೇಕೇ ಬೇಕು. ಆದರೆ ಅವರ ದೇಹದ ಲೆಕ್ಕಾಚಾರ ಬೇರೆ. ಹೃದಯ ಬಡಿತವನ್ನು ಏರಿಸುವ ನರಗಳು ಬೆನ್ನುಹುರಿಯ ಎದೆಭಾಗದಿಂದ ಹೊರಡುತ್ತವೆ. ಕತ್ತಿನ ಹತ್ತಿರ ಹುರಿ ಪೂರ್ತಿ ತುಂಡಾಗಿದ್ದರೆ ಎಷ್ಟೇ ದಣಿದರೂ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 110-130 ದಾಟುವುದಿಲ್ಲ. ಹಾಗಾಗಿ ಕೈಗಡಿಯಾರ ತೋರಿಸುವ ಅಂಕಿಯನ್ನು ನಂಬುವ ಬದಲು ಏದುಸಿರನ್ನು ಗಮನಿಸಬೇಕು: ಮಾತಾಡಲು ಬರುತ್ತದೆ, ಹಾಡಲು ಆಗುವುದಿಲ್ಲ ಎಂಬಷ್ಟು ಶ್ರಮವಾದರೆ ಸಾಕು. ಪೆಟ್ಟಾದ ಜಾಗದ ಕೆಳಗೆ ಬೆವರೂ ಸರಿಯಾಗಿ ಬರುವುದಿಲ್ಲ. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಪಕ್ಕದಲ್ಲಿರಲಿ.

ನಿಜವಾದ ಕಷ್ಟ ಭುಜದ್ದು. ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಲೆಂದು ಇರುವ ಸಡಿಲ ಕೀಲು ಅದು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಶೌಚಾಲಯಕ್ಕೆ ದಾಟುವಾಗಲೆಲ್ಲ ಅದೇ ಮೈಭಾರ ಹೊರುತ್ತದೆ. ಜೊತೆಗೆ ದಿನವಿಡೀ ಚಕ್ರ ತಳ್ಳಿ ತಳ್ಳಿ ಎದೆಯ ಸ್ನಾಯುಗಳು ಬಿಗಿಯುತ್ತವೆ, ಬೆನ್ನಿನವು ಹಿಂದೆ ಬೀಳುತ್ತವೆ, ಭುಜ ಮುಂದಕ್ಕೆ ಬಾಗುತ್ತದೆ. ಆದ್ದರಿಂದ ಇವರಿಗೆ ಬೇಕಾದದ್ದು ಎಳೆಯುವ ವ್ಯಾಯಾಮ. ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಕುರ್ಚಿಗೆ ಬ್ರೇಕ್ ಹಾಕಿ, ಎರಡೂ ರೆಕ್ಕೆಮೂಳೆಗಳು ಹತ್ತಿರ ಬರುವಂತೆ ನಿಧಾನವಾಗಿ ಎಳೆದು, ಅಷ್ಟೇ ನಿಧಾನವಾಗಿ ಬಿಡಬೇಕು. ಚಕ್ರ ತಳ್ಳುವಾಗಲೂ ಚಿಕ್ಕ ಚಿಕ್ಕ ತಳ್ಳು ಬೇಡ. ಒಮ್ಮೆ ನೀಳವಾಗಿ ತಳ್ಳಿ, ಕೈಯನ್ನು ಕೆಳಗೆ ಇಳಿಬಿಟ್ಟು ಹಿಂದಕ್ಕೆ ತಂದರೆ ಭುಜ ಉಳಿಯುತ್ತದೆ.

ಬೆನ್ನುಹುರಿ ಪೆಟ್ಟಿನವರಿಗಾಗಿ 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಕೇಳುವುದು ಹೆಚ್ಚೇನಲ್ಲ: ಕನಿಷ್ಠ 20 ನಿಮಿಷ ಏದುಸಿರು ಬರಿಸುವ ವ್ಯಾಯಾಮ, ಜೊತೆಗೆ ಸ್ನಾಯು ಬಲಪಡಿಸುವ ಕಸರತ್ತು, ವಾರಕ್ಕೆ ಎರಡು ಸಲ. ವ್ಯಾಯಾಮದ ನಡುವೆ ಹಠಾತ್ತನೆ ತಲೆ ಸಿಡಿದು ಮುಖ ಕೆಂಪೇರಿದರೆ ತಕ್ಷಣ ನಿಲ್ಲಿಸಿ, ನೆಟ್ಟಗೆ ಕೂತು, ಮೂತ್ರದ ನಳಿಕೆ ಮಡಚಿದೆಯೇ ನೋಡಬೇಕು. ಅದು ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿದ ಸೂಚನೆ ಇರಬಹುದು. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.