ಕಾಡಿನಲ್ಲಿ ನಮ್ಮನ್ನು ಎಣಿಸುವುದೇಕೆ?

ಮಕ್ಕಳೇ, ಊರಿಂದ ಅಜ್ಜಿ-ತಾತ ಬಂದಾಗ ನಿಮ್ಮಲ್ಲಿ ಎಷ್ಟೋ ಜನ ಮ್ಯೂರ್ ವುಡ್ಸ್‌ಗೆ ಹೋಗಿರ್ತೀರಿ, ಅಲ್ವಾ? ಕಾರಲ್ಲಿ ಹೋಗಬೇಕಾದರೆ ಪಾರ್ಕಿಂಗ್ ಮೊದಲೇ ಬುಕ್ ಮಾಡಿರಬೇಕು. "ಕಾಡು ನೋಡೋಕೂ ಬುಕಿಂಗಾ?" ಅಂತ ತಾತ ನಕ್ಕಿರಲೂಬಹುದು. ಅದಕ್ಕೆ ಕಾರಣ ಇದೆ.

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1908ರಲ್ಲಿ ಈ ರೆಡ್‌ವುಡ್ ಕಾಡನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ಬರಬರುತ್ತಾ ನೋಡಲು ಬರುವವರ ಸಂಖ್ಯೆ ವರ್ಷಕ್ಕೆ ಸುಮಾರು 10 ಲಕ್ಷ ಮುಟ್ಟಿತು. ಪಾರ್ಕಿಂಗ್ ತುಂಬಿ, ರಸ್ತೆಯ ಬದಿಯಲ್ಲೆಲ್ಲ ಕಾರುಗಳು ನಿಂತವು. ಪಕ್ಕದಲ್ಲೇ ಇರುವುದು ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ರೆಡ್‌ವುಡ್ ಕ್ರೀಕ್ ಹೊಳೆ. ಹಾಗಾಗಿ 2018ರ ಜನವರಿಯಿಂದ ಕಾರಿಗೂ ಶಟಲ್ ಬಸ್ಸಿಗೂ ಮುಂಗಡ ಬುಕಿಂಗ್ ಬಂತು. ಜನ ಬರುವುದು ನಿಲ್ಲಲಿಲ್ಲ, ಎಲ್ಲರೂ ಒಂದೇ ಹೊತ್ತಿಗೆ ನುಗ್ಗುವುದು ತಪ್ಪಿತು.

ಎಷ್ಟು ಜನ, ಯಾವ ದಾರಿಯಲ್ಲಿ, ಯಾವಾಗ ಓಡಾಡ್ತಾರೆ ಅಂತ ಪಾರ್ಕಿನವರಿಗೆ ಹೇಗೆ ಗೊತ್ತಾಗುತ್ತೆ? ಅನೇಕ ಪಾರ್ಕುಗಳಲ್ಲಿ ದಾರಿ ಬದಿಯ ಕಂಬಕ್ಕೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿರ್ತಾರೆ. ನಮ್ಮ ಮೈಯ ಶಾಖ ಅದರ ಮುಂದೆ ಹಾದರೆ ಲೆಕ್ಕ ಒಂದು ಏರುತ್ತದೆ. ಅದು ಫೋಟೋ ತೆಗೆಯುವುದಿಲ್ಲ. ಆದರೆ ಇಬ್ಬರು ಅಕ್ಕಪಕ್ಕ ನಡೆದರೆ ಒಬ್ಬರೇ ಅಂದುಕೊಳ್ಳಬಹುದು! ಅದಕ್ಕೇ ಆಗಾಗ ಮನುಷ್ಯರೇ ಕೂತು ಎಣಿಸಿ ಲೆಕ್ಕ ಸರಿಪಡಿಸ್ತಾರೆ.

ಈ ಲೆಕ್ಕ ನೋಡಿಯೇ ಎಲ್ಲಿ ಹಲಗೆ ದಾರಿ, ಎಲ್ಲಿ ಬೇಲಿ ಎಂದು ತೀರ್ಮಾನಿಸಬಹುದು. ರೆಡ್‌ವುಡ್ ಮರ ಎಷ್ಟೇ ಎತ್ತರವಿದ್ದರೂ ಬೇರು ಬಹಳ ಆಳಕ್ಕೆ ಹೋಗುವುದಿಲ್ಲ, ಅಗಲಕ್ಕೆ ಹರಡುತ್ತದೆ. ತುಳಿದು ತುಳಿದು ಮಣ್ಣು ಗಟ್ಟಿಯಾದರೆ ಬೇರಿಗೆ ನೀರು, ಗಾಳಿ ಸಿಗುವುದು ಕಷ್ಟ. "ನಾನೊಬ್ಬ ದಾರಿ ಬಿಟ್ಟು ಇಳಿದರೆ ಏನಾಗುತ್ತೆ?" ಅಂತ ಅನ್ನಿಸಬಹುದು. 10 ಲಕ್ಷ ಜನರೂ ಹಾಗೇ ಅಂದುಕೊಂಡರೆ?

ನಮ್ಮ ಕರ್ನಾಟಕದಲ್ಲೂ ಇದೇ ಕಥೆ. ಕುಮಾರ ಪರ್ವತ ಹತ್ತಲು ಜನ ಕಿಕ್ಕಿರಿದ ಮೇಲೆ ಅಲ್ಲೂ ಆನ್‌ಲೈನ್ ಬುಕಿಂಗ್ ಬಂದಿದೆ.

ಮುಂದಿನ ಸಲ ಪಾರ್ಕಿಗೆ ಹೋದಾಗ ಹತ್ತು ನಿಮಿಷ ಒಂದು ಕಡೆ ಕೂತು, ಹೋಗಿ ಬರುವವರನ್ನು ಎಣಿಸಿ. ಕನ್ನಡದಲ್ಲೇ ಎಣಿಸಿ: ಒಂದು, ಎರಡು, ಮೂರು... ಎಷ್ಟು ಜನ ದಾರಿ ಬಿಟ್ಟು ನಡೆದರು ಅಂತಲೂ ಬರೆದಿಡಿ. ಆ ಲೆಕ್ಕದಲ್ಲಿ ನಿಮ್ಮ ಮನೆಯವರು ಇರದ ಹಾಗೆ ನೋಡಿಕೊಳ್ಳಿ!