ನಿದ್ದೆಯ ಸಂಶೋಧಕರು: ಮನೋವಿಜ್ಞಾನದ ಒಂದು ವೃತ್ತಿ

ನಿದ್ದೆಗೆ ಎರಡು ಸಾಕ್ಷಿಗಳಿವೆ: ಉಪಕರಣದ ದಾಖಲೆ ಒಂದು, ಎದ್ದವರ ಮಾತು ಇನ್ನೊಂದು. ಇವೆರಡೂ ಯಾವಾಗಲೂ ತಾಳೆಯಾಗುವುದಿಲ್ಲ. ರಾತ್ರಿಯಿಡೀ ಕಣ್ಣೇ ಮುಚ್ಚಲಿಲ್ಲ ಎನ್ನುವವರ ದಾಖಲೆಯಲ್ಲಿ ಹಲವು ಗಂಟೆಗಳ ನಿದ್ದೆ ಕಾಣಬಹುದು. ಚೆನ್ನಾಗಿ ಮಲಗಿದ್ದೆ ಎನ್ನುವವರ ಉಸಿರು ಗಂಟೆಗೆ ಹತ್ತಾರು ಬಾರಿ ತಡೆದಿರಬಹುದು. ಈ ಅಂತರವನ್ನು ಅರಿಯುವುದು ನಿದ್ದೆಯನ್ನು ಅಭ್ಯಸಿಸುವ ಮನೋವಿಜ್ಞಾನಿಯ ಮುಖ್ಯ ಕೆಲಸ.

1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಪ್ರಕಟಿಸಿದ ಮೇಲೆ ನಿದ್ದೆಯನ್ನು ಹೊರಗಿನಿಂದ ಅಳೆಯಲು ದಾರಿಯಾಯಿತು. 1953ರಲ್ಲಿ ಷಿಕಾಗೋದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ‘ರೆಮ್’ ನಿದ್ದೆಯನ್ನು ವರದಿ ಮಾಡಿದರು. ಆ ಹಂತದಲ್ಲಿ ಎಬ್ಬಿಸಿದವರು ಹೆಚ್ಚಾಗಿ ಕನಸನ್ನು ಹೇಳುತ್ತಿದ್ದುದರಿಂದ ಮನೋವಿಜ್ಞಾನಿಗಳ ಆಸಕ್ತಿ ಬೆಳೆಯಿತು. ಅವರಲ್ಲಿ ಹೆಸರಾದ ರೋಸಲಿಂಡ್ ಕಾರ್ಟ್‌ರೈಟ್ (1922–2021) ವಿಚ್ಛೇದನ ಮತ್ತು ಖಿನ್ನತೆಯ ಹೊತ್ತಿನ ಕನಸುಗಳನ್ನು ದಾಖಲಿಸಿದರು. ಮಲಗುವ ಭಂಗಿಗೂ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ತಡೆಯುವ ಸ್ಲೀಪ್ ಆಪ್ನಿಯಾಕ್ಕೂ ಇರುವ ನಂಟನ್ನೂ ಅಭ್ಯಸಿಸಿದರು.

ಈ ವೃತ್ತಿಗೆ ಮನೋವಿಜ್ಞಾನದ ಸ್ನಾತಕೋತ್ತರ ಪದವಿ ಬುನಾದಿ, ಸಂಶೋಧನೆಗೆ ಪಿಎಚ್.ಡಿ., ರೋಗಿಗಳ ಚಿಕಿತ್ಸೆಗೆ ಕ್ಲಿನಿಕಲ್ ಸೈಕಾಲಜಿಯ ತರಬೇತಿ ಬೇಕು. ಸಂಖ್ಯಾಶಾಸ್ತ್ರವೂ ಶರೀರಕ್ರಿಯಾಶಾಸ್ತ್ರವೂ ತಿಳಿದಿರಬೇಕು. ಸಾಧನಗಳಲ್ಲಿ ಸರಳವಾದದ್ದು ನಿದ್ದೆಯ ದಿನಚರಿ: ಮಲಗಿದ, ಎಚ್ಚರಗೊಂಡ, ಎದ್ದ ಹೊತ್ತುಗಳನ್ನು ರೋಗಿಯೇ ಬರೆದಿಡುತ್ತಾರೆ. ಕೈಗಡಿಯಾರದಂತೆ ಕಟ್ಟಿಕೊಳ್ಳುವ ಆಕ್ಟಿಗ್ರಾಫ್ ಮೈಯ ಚಲನೆಯನ್ನು ದಾಖಲಿಸುತ್ತದೆ. ಪಾಲಿಸೋಮ್ನೋಗ್ರಫಿ ಮಿದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿ, ಉಸಿರು ಮತ್ತು ರಕ್ತದ ಆಮ್ಲಜನಕವನ್ನು ಏಕಕಾಲಕ್ಕೆ ಅಳೆಯುತ್ತದೆ.

ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ತೊಂದರೆ ಮುಂದುವರಿದು ಹಗಲಿನ ಬದುಕಿಗೂ ಅಡ್ಡಿಯಾದರೆ ಅದು ದೀರ್ಘಕಾಲದ ನಿದ್ರಾಹೀನತೆ. ಇದರ ಚಿಕಿತ್ಸೆಯಲ್ಲಿ ಮನೋವಿಜ್ಞಾನದ ಕೊಡುಗೆ ದೊಡ್ಡದು. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವ, ಬಾರದಿದ್ದರೆ ಎದ್ದು ಬರುವ ಕ್ರಮವನ್ನು ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಮುಂದಿಟ್ಟರು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಮೊದಲು ಕಡಿತಗೊಳಿಸಿ, ನಿದ್ದೆ ಗಟ್ಟಿಯಾದಂತೆ ಹಿಗ್ಗಿಸುವ ವಿಧಾನವನ್ನು ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ವಿವರಿಸಿದರು. ನಿದ್ದೆಯ ಬಗೆಗಿನ ಅಂಜಿಕೆಯನ್ನು ತಿದ್ದುವ ಮಾತುಕತೆಯೂ ಸೇರಿ ಇವು ಇಂದು ನಿದ್ರಾಹೀನತೆಯ ಮೊದಲ ಸಾಲಿನ ಚಿಕಿತ್ಸೆಯಾಗಿವೆ. ಆಪ್ನಿಯಾದಂಥ ತೊಂದರೆಗೆ ಮಾತ್ರ ವೈದ್ಯರ ನೆರವು ಬೇಕೇ ಬೇಕು.

ಕರ್ನಾಟಕದಲ್ಲಿ ಎರಡೂ ಬಗೆಯ ಸಾಕ್ಷಿಗಳ ಅಧ್ಯಯನ ನಡೆದಿದೆ. ಬೆಂಗಳೂರಿನ ಎನ್.ಕೆ. ಮಂಜುನಾಥ್ ಮತ್ತು ಶರ್ಲಿ ಟೆಲ್ಲಿಸ್ 2005ರಲ್ಲಿ ಪ್ರಕಟಿಸಿದ ವರದಿ ವೃದ್ಧಾಶ್ರಮವಾಸಿಗಳ ಮಾತನ್ನೇ ಆಧರಿಸಿತ್ತು. ಆರು ತಿಂಗಳು ಯೋಗ ಮಾಡಿದವರು, ನಿದ್ದೆ ಹತ್ತಲು ಬೇಕಾದ ಹೊತ್ತು ಸುಮಾರು 10 ನಿಮಿಷ ಇಳಿದು ಒಟ್ಟು ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿತೆಂದು ತಿಳಿಸಿದರು. ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಬಿಂದು ಎಂ. ಕುಟ್ಟಿ ಮತ್ತು ಸಂಗಡಿಗರು ಉಪಕರಣದ ದಾರಿ ಹಿಡಿದರು. ನಡುವಯಸ್ಸಿಗೆ ಸಾಮಾನ್ಯವಾಗಿ ಇಳಿಯುವ ಗಾಢ ನಿದ್ದೆ ವಿಪಶ್ಯನ ಧ್ಯಾನಿಗಳಲ್ಲಿ ಹೆಚ್ಚು ಉಳಿದಿರುವುದನ್ನು ಅವರು ಕಂಡರು.

ಉಡುಪಿ ಜಿಲ್ಲೆಯ ಬದುಕಿನಲ್ಲಿ ಇಂಥ ಸಂಶೋಧನೆಗೆ ಬೇಕಾದ ವಸ್ತು ಹೇರಳವಾಗಿದೆ. ಯಕ್ಷಗಾನ ಮೇಳಗಳ ಕಲಾವಿದರು ನವೆಂಬರಿನಿಂದ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಊರೂರು ತಿರುಗುತ್ತಾರೆ. ಇಡೀ ರಾತ್ರಿಯ ಆಟದವರು ಬೆಳಿಗ್ಗೆ ಬಣ್ಣ ಕಳಚಿ ಮಲಗುತ್ತಾರೆ. ಕಾಲಮಿತಿ ಆಟದವರಿಗೆ ನಡುರಾತ್ರಿಯ ಮೇಲಾದರೂ ನಿದ್ದೆ ಸಿಗುತ್ತದೆ. ಹೀಗೆ ಒಂದೇ ಕಸುಬಿನೊಳಗೆ ಹೋಲಿಸಿ ನೋಡಲು ಎರಡು ಗುಂಪುಗಳಿವೆ. ಮಲ್ಪೆಯ ಆಳಸಮುದ್ರ ಬೋಟುಗಳಲ್ಲಿ ನಿದ್ದೆ ತುಂಡುತುಂಡಾಗಿ ಸಿಗುತ್ತದೆ. ಕಾಪು ತಾಲ್ಲೂಕಿನ ಎಲ್ಲೂರಿನ ವಿದ್ಯುತ್ ಸ್ಥಾವರದಲ್ಲೂ ಮಣಿಪಾಲದ ಆಸ್ಪತ್ರೆಯಲ್ಲೂ ಪಾಳಿಯ ದುಡಿಮೆಯಿದೆ. ಕಾರ್ಕಳ ತಾಲ್ಲೂಕಿನ ಮಿಯ್ಯಾರಿನ ಕಂಬಳದಂಥ ವರ್ಷಕ್ಕೊಮ್ಮೆಯ ಜಾಗರಣೆಯ ಪರಿಣಾಮ ಬೇರೆ, ತಿಂಗಳುಗಟ್ಟಲೆ ನಡೆಯುವ ರಾತ್ರಿ ದುಡಿಮೆಯ ಪರಿಣಾಮ ಬೇರೆ. ಹಗಲ ಬೆಳಕು ದೇಹದ ಗಡಿಯಾರವನ್ನು ಎಚ್ಚರದ ಕಡೆಗೇ ಎಳೆಯುವುದರಿಂದ ರಾತ್ರಿ ಪಾಳಿಯವರ ಹಗಲು ನಿದ್ದೆ ಸಾಮಾನ್ಯವಾಗಿ ಮೊಟಕಾಗುತ್ತದೆ. ಇವರನ್ನೆಲ್ಲ ಪ್ರಯೋಗಾಲಯಕ್ಕೆ ಕರೆತಂದು ಮಲಗಿಸಿದರೆ ಅವರ ನಿಜವಾದ ನಿದ್ದೆ ದಾಖಲಾಗದು. ಆದ್ದರಿಂದ ದಿನಚರಿ ಮತ್ತು ಆಕ್ಟಿಗ್ರಾಫ್ ಹಿಡಿದು ಯಕ್ಷಗಾನದ ಬಣ್ಣದ ಮನೆಯಾದ ಚೌಕಿಗೆ, ಬಂದರಿಗೆ, ವಾರ್ಡಿಗೆ ಹೋಗಿ ಕೆಲಸ ಮಾಡಬಲ್ಲ ಸಂಶೋಧಕರು ಇಲ್ಲಿಗೆ ಬೇಕು.