ಡಿಗ್ರಿ ಬಿಟ್ಟವನಿಗೆ ಮೈದಾನವಾದರೂ ದಕ್ಕೀತೇ?

ಮೈಸೂರು: ಸಾಯಂಕಾಲ ಆರು ಗಂಟೆ. ಸಿಟಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿರುವ ಒಂದು ದಿನಸಿ ಅಂಗಡಿ. ಗಲ್ಲಾದ ಹಿಂದೆ ಅಪ್ಪ. ಮುಂದೆ, ಖೋ-ಖೋ ಆಡಿ ಮಣ್ಣು ಮೆತ್ತಿಕೊಂಡು ಬಂದು ನಿಂತ ಮಗ. ಎರಡನೇ ವರ್ಷದ ಬಿ.ಎ. ಫೀಸು ಕಟ್ಟಲು ಉಳಿದಿರುವುದು ಎರಡೇ ದಿನ.

"ಈ ಸಲ ಫೀಸು ಬೇಡಪ್ಪಾ. ಕಾಲೇಜು ಬಿಟ್ಬಿಡ್ತೀನಿ. ಎರಡೂ ಹೊತ್ತು ಪ್ರಾಕ್ಟೀಸ್ ಮಾಡ್ತೀನಿ. ಆಡೋದು ಮುಗಿದ್ಮೇಲೆ ಕೋಚ್ ಆಗ್ತೀನಿ."

"ಕೋಚ್ ಆಗ್ತೀಯಾ? ಸಂಬಳ ಯಾರಪ್ಪಾ ಕೊಡ್ತಾರೆ?"

ಸಕ್ಕರೆ ಕಟ್ಟಿಸಿಕೊಳ್ಳಲು ಬಂದ ಗಿರಾಕಿಯೊಬ್ಬರು ನಡುವೆ ಬಾಯಿ ಹಾಕಿದರು: "ಆಡ್ಲಿ ಬಿಡಿ ಸ್ವಾಮಿ, ಎಲ್ಲಾರೂ ಗುಮಾಸ್ತರೇ ಆಗ್ಬೇಕಾ?"

ಅಪ್ಪನ ಭಯ ಸುಳ್ಳಲ್ಲ. ಮಗನ ಆಸೆ ತಪ್ಪಲ್ಲ. ತಪ್ಪಿರುವುದು ಲೆಕ್ಕ ಮಾತ್ರ!

ಕೋಚ್ ಆಗುವುದು ಹೇಗೆ?

ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗೆ ಡಿಪ್ಲೊಮಾ ಕೊಡುತ್ತದೆ. ದೊಡ್ಡ ಸಾಧನೆ ಮಾಡಿದವರ ಮಾತು ಬೇರೆ, ಉಳಿದವರು ಅಲ್ಲಿಗೆ ಅರ್ಜಿ ಹಾಕಲು ಪದವಿ ಇರಬೇಕು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ ಅಂದರೆ ಪಿ.ಟಿ. ಮೇಷ್ಟ್ರು ಆಗಬೇಕೇ? ಎರಡು ವರ್ಷದ ಬಿ.ಪಿ.ಎಡ್. ಮಾಡಬೇಕು. ಅದಕ್ಕೂ ಪದವಿ ಬೇಕು, ಜತೆಗೆ ಆಡಿದ್ದಕ್ಕೆ ಸರ್ಟಿಫಿಕೇಟೂ ಬೇಕು. ರೈಲ್ವೆಯ ಕ್ರೀಡಾ ಕೋಟಾದಲ್ಲೂ ಓದಿನ ಮೇಲೆಯೇ ಮೆಟ್ಟಿಲು: ಹತ್ತನೇ ತರಗತಿಗೆ ಕೆಳಗಿನ ಹುದ್ದೆ, ಪದವಿಗೆ ಮೇಲಿನ ಹುದ್ದೆ.

ಇನ್ನೊಂದು ಮಾತು. ಅಂತರ ಕಾಲೇಜು, ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ಆಡಬೇಕಾದರೆ ಕಾಲೇಜಿನಲ್ಲಿ ಹೆಸರಿರಬೇಕು. ಕಾಲೇಜು ಬಿಟ್ಟ ದಿನವೇ ಆ ಏಣಿಯೂ ಹೋಯಿತು. ಆಟಕ್ಕೆಂದು ಓದು ಬಿಟ್ಟವನು ಆಟದ ಬಾಗಿಲನ್ನೇ ಮುಚ್ಚಿಕೊಂಡಂತೆ!

ಊರಲ್ಲೇ ಇದೆ ಉದಾಹರಣೆ

ಸ್ಪಿನ್ನರ್ ಎರಾಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಪೂರೈಸಲು ಕುಳಿತರು. ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಹೆಚ್ಚುಕಡಿಮೆ ಐದು ವರ್ಷ! ಆದರೂ ಕೊನೆಗೆ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಕಿತ್ತರು. ನಮ್ಮೂರ ಜಾವಗಲ್ ಶ್ರೀನಾಥ್ ಕೂಡ ಇಲ್ಲಿನ ಜಯಚಾಮರಾಜೇಂದ್ರ ಕಾಲೇಜಿನ ಎಂಜಿನಿಯರೇ. 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದು ನಿವೃತ್ತರಾದ ಅವರು 2006ರಲ್ಲಿ ಮ್ಯಾಚ್ ರೆಫರಿಯಾದರು.

ಹಾಗೆಂದು ಅಪ್ಪಂದಿರು "ನೋಡು, ಪ್ರಸನ್ನ ಐದು ವರ್ಷ ಬಿಟ್ಟು ಓದಿದ್ರು" ಎಂದು ಮಗನ ಬೂಟು ಅಟ್ಟಕ್ಕೆ ಎಸೆಯುವುದು ಬೇಡ. ಸ್ಪಿನ್ ಬೌಲರ್ ವಯಸ್ಸಾದಂತೆ ಮಾಗುತ್ತಾನೆ. ಖೋ-ಖೋ ಆಡುವವನ, ಓಟಗಾರನ ಕಾಲಿಗೆ ಹಾಗೆ ಕಾಯಲು ವ್ಯವಧಾನವಿಲ್ಲ. ಇಪ್ಪತ್ತರಲ್ಲಿ ಕಳೆದ ವರ್ಷ ಇಪ್ಪತ್ತೈದರಲ್ಲಿ ಸಿಗದು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಹಳ್ಳಿಯ ಅಂಗಳದಿಂದ ಅಲ್ಲಿಯವರೆಗೆ ದಾರಿ ಇದೆ ಎಂದು ಈಗ ಊರಿಗೆಲ್ಲ ಗೊತ್ತಾಗಿದೆ.

ಹಾಗಾದರೆ ಏನು ಮಾಡುವುದು? ಎಂಜಿನಿಯರಿಂಗೇ ಆಗಬೇಕೆಂಬ ಹಟ ಬೇಡ. ಮುಂದಿನ ಬಾಗಿಲಿಗೆ ಬಿ.ಎ., ಬಿ.ಕಾಂ. ಪದವಿಯೂ ಸಾಕು. ಟೂರ್ನಮೆಂಟಿಗೆ ಹೊರಡುವ ಮುನ್ನವೇ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು ನಕಲು ಇಟ್ಟುಕೊಳ್ಳಬೇಕು. ಆಡಿದ ಪ್ರತಿ ಪಂದ್ಯದ ಸರ್ಟಿಫಿಕೇಟನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಬೇಕು. ಹಾಜರಿ ಹೊಂದಿಸುವುದು ಸಾಧ್ಯವೇ ಇಲ್ಲ ಎಂದಾದರೆ ಮುಕ್ತ ವಿಶ್ವವಿದ್ಯಾನಿಲಯ ಊರಲ್ಲೇ ಇದೆ.

ಕಾಲೇಜುಗಳಿಗೂ ಒಂದು ಮಾತು ಹೇಳಲೇಬೇಕು. ಹುಡುಗ ಗೆದ್ದ ಕಪ್ ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಬೀರುವಿಗೆ. ಹಾಜರಿ ಕಡಿಮೆಯಾದರೆ ತಪ್ಪು ಹುಡುಗನ ತಲೆಗೆ! ಇದು ಯಾವ ನ್ಯಾಯ? ಆಡಲು ಕಳಿಸಿದವರು ತಪ್ಪಿದ ಪಾಠವನ್ನೂ ಹೇಳಿಕೊಡಬೇಡವೇ?

ಅಂಗಡಿಯ ಬಾಗಿಲು ಎಳೆಯುವ ಹೊತ್ತು. ಅಪ್ಪ ಗಲ್ಲಾ ತೆರೆದು ಫೀಸಿನ ದುಡ್ಡು ಎಣಿಸಿ ಮಗನ ಮುಂದಿಟ್ಟರು.

"ಬೆಳಿಗ್ಗೆ ಆಡು, ಸಂಜೆ ಆಡು. ನಡುವೆ ಕಾಲೇಜಿಗೆ ಹೋಗು. ಅಂಗಡೀಲಿ ನೀನು ಕೂರೋದು ಬೇಡ, ನಾನು ನೋಡ್ಕೋತೀನಿ."

ಮಗ ದುಡ್ಡು ಜೇಬಿಗಿಟ್ಟುಕೊಂಡು, ಮಾತಾಡದೆ ಷಟರ್ ಎಳೆಯಲು ಕೈಹಾಕಿದ.